ಐರೋಲಿ ಸುತ್ತಮುತ್ತ ಫಾರ್ಮ್ ಪ್ರವಾಸ, ತೋಟದ ಮದುವೆ: ಮುಂಗಡ ಕಟ್ಟುವ ಮುನ್ನ ಇವಿಷ್ಟು ತಿಳಿದಿರಲಿ

ಭಾನುವಾರ ಬೆಳಗ್ಗೆ ಹೊರಟು ಸಂಜೆಯೊಳಗೆ ಮನೆ ಸೇರುವಷ್ಟು ದೂರದಲ್ಲಿ ಗದ್ದೆ, ತೋಟ, ಕೊಟ್ಟಿಗೆ, ಎತ್ತಿನ ಗಾಡಿ. ಸಾಧ್ಯವಾದರೆ ಅಲ್ಲೇ ಮಾವಿನ ಮರದ ನೆರಳಲ್ಲಿ ಮನೆಮಗಳ ಮದುವೆ. ನವಿ ಮುಂಬೈನ ಐರೋಲಿ, ರಬಾಳೆ, ಘನ್ಸೋಲಿ ಹಾಗೂ ಪಕ್ಕದ ಥಾಣೆ, ಡೊಂಬಿವಲಿ, ಕಲ್ಯಾಣದ ಹಲವು ಕುಟುಂಬಗಳಿಗೆ ಇಂಥದೊಂದು ಆಸೆ ಇದೆ. ಇವರಲ್ಲಿ ಊರಿನ ತೋಟ ಬಿಟ್ಟು ಮುಂಬೈಗೆ ಬಂದ ಕರಾವಳಿ ಕರ್ನಾಟಕದ ಕನ್ನಡಿಗರೂ, ತುಳುವರೂ ಇದ್ದಾರೆ.

ಕರ್ಜತ್, ನೇರಳ್, ಬದ್ಲಾಪುರ, ಮುರ್ಬಾಡ್, ಶಹಾಪುರ ಕಡೆಗಳಲ್ಲಿ ಈ ಆಸೆಗೆ ತಕ್ಕಂತೆ ಫಾರ್ಮ್‌ಗಳು ತಲೆ ಎತ್ತಿವೆ. ಆದರೆ 'ಫಾರ್ಮ್' ಎಂಬ ಬೋರ್ಡ್ ಇರುವ ಎಲ್ಲ ಕಡೆಯೂ ಬೇಸಾಯ ನಡೆಯುವುದಿಲ್ಲ. ದಿನದ ಪ್ರವಾಸಕ್ಕೆ ಚೆನ್ನಾಗಿರುವ ಜಾಗ ಮುನ್ನೂರು ಜನರ ಮದುವೆಗೂ ಒಗ್ಗುತ್ತದೆ ಎಂದೇನೂ ಇಲ್ಲ. ಹೋಗಿ ಬಂದವರ ಸಂತೋಷವೂ ಬೇಸರವೂ ಬಹುಪಾಲು ಈ ಎರಡು ವಿಷಯಗಳಲ್ಲೇ ನಿಂತಿರುತ್ತವೆ. ಎಲ್ಲಿಗೆ, ಯಾವಾಗ, ಹೇಗೆ ಹೋಗಬೇಕು, ಮದುವೆ ಮಾಡುವುದಾದರೆ ಏನೇನು ಕೇಳಿಕೊಳ್ಳಬೇಕು, ಮೋಸ ಹೋದರೆ ದೂರು ಎಲ್ಲಿ? ಇಲ್ಲಿದೆ ಪೂರ್ಣ ಮಾಹಿತಿ.

ಒಂದು ಕಾಲಕ್ಕೆ ಐರೋಲಿಯೇ ಗದ್ದೆ

ಇಂದು ಐಟಿ ಕಂಪನಿಗಳ ಕಟ್ಟಡಗಳಿಂದ ಗುರುತಾಗುವ ಐರೋಲಿ ಮೊದಲು ಥಾಣೆ ಖಾರಿಯ ದಂಡೆಯ ಹಳ್ಳಿ. ಆಗ್ರಿ ಮತ್ತು ಕೋಳಿ ಸಮುದಾಯದವರು ಇಲ್ಲಿನ ಪಟ್ಟಿಯಲ್ಲಿ ಭತ್ತ ಬೆಳೆಯುತ್ತಿದ್ದರು, ಉಪ್ಪು ತೆಗೆಯುತ್ತಿದ್ದರು, ಮೀನು ಹಿಡಿಯುತ್ತಿದ್ದರು. 1970ರ ಮಾರ್ಚ್‌ನಲ್ಲಿ ಸಿಡ್ಕೊ ಸ್ಥಾಪನೆಯಾಯಿತು. ಹೊಸ ನಗರಕ್ಕಾಗಿ 95 ಹಳ್ಳಿಗಳ ಜಮೀನು ಸ್ವಾಧೀನಕ್ಕೆ ಒಳಪಟ್ಟಿತು. ನ್ಯಾಯಯುತ ಪರಿಹಾರ ಕೇಳಿ ದಿ.ಬಾ. ಪಾಟೀಲ್ ನೇತೃತ್ವದಲ್ಲಿ ರೈತರು ಹೋರಾಡಿದರು. 1984ರ ಜನವರಿಯಲ್ಲಿ ಉರಣ್ ತಾಲೂಕಿನ ಜಾಸಯಿ ಭಾಗದಲ್ಲಿ ನಡೆದ ಗೋಲಿಬಾರ್‌ನಲ್ಲಿ ಐವರು ಪ್ರಾಣ ಕಳೆದುಕೊಂಡರು. ನವಿ ಮುಂಬೈ ವಿಮಾನ ನಿಲ್ದಾಣಕ್ಕೆ ಅದೇ ಪಾಟೀಲರ ಹೆಸರಿಡಲು ರಾಜ್ಯ ಸರ್ಕಾರ ನಿರ್ಧರಿಸಿದೆ.

ಹೀಗೆ ಗದ್ದೆ ಹೋಗಿ ನಗರ ಬಂದ ಜಾಗದಲ್ಲಿ ಬೆಳೆದ ಮಕ್ಕಳು ಭತ್ತದ ಸಸಿ ನೋಡಬೇಕಾದರೆ ಪಾರ್ಸಿಕ್ ಬೆಟ್ಟದ ಆಚೆ ಹೋಗಬೇಕು. ಫಾರ್ಮ್ ಪ್ರವಾಸಕ್ಕೆ ಬೇಡಿಕೆ ಬಂದಿರುವುದಕ್ಕೆ ಇದೂ ಒಂದು ಕಾರಣ.

ಕೃಷಿ ಪ್ರವಾಸ ಶುರುವಾಗಿದ್ದು ಹೇಗೆ?

ಈ ಭಾಗದಲ್ಲಿ ಕೃಷಿ ಪ್ರವಾಸ ಎಂದರೆ ಮೊದಲು ಕೇಳಿಬರುವ ಹೆಸರು ನೇರಳ್ ಬಳಿಯ ಸಗುಣಾ ಬಾಗ್. ವಿದೇಶದಲ್ಲಿ ಓದಿ ಬಂದ ಕೃಷಿಕ ಚಂದ್ರಶೇಖರ ಭಡಸಾವಳೆ 1980ರ ದಶಕದಲ್ಲೇ ತಮ್ಮ ಜಮೀನನ್ನು ಪೇಟೆಯ ಜನರಿಗೆ ತೆರೆದರು. ಮೀನು ಕೆರೆ, ದನಕರು, ಎತ್ತಿನ ಗಾಡಿ, ಹೊಳೆ ಸ್ನಾನ ಅಲ್ಲಿನ ಆಕರ್ಷಣೆ. ಭಡಸಾವಳೆ ಕೃಷಿ ವಲಯದಲ್ಲಿ ಹೆಸರಾಗಿರುವುದು 'ಸಗುಣಾ ರೈಸ್ ಟೆಕ್ನಿಕ್' ಎಂಬ ಭತ್ತದ ಪದ್ಧತಿಯಿಂದ. ಗದ್ದೆಯನ್ನು ಕೆಸರು ಮಾಡದೆ, ನಾಟಿಯನ್ನೂ ಮಾಡದೆ, ಒಮ್ಮೆ ಹಾಕಿದ ಏರುಮಡಿಗಳನ್ನು ಮತ್ತೆ ಉಳದೆ ಅದರಲ್ಲೇ ಬೀಜ ಊರಿ ಭತ್ತ ತೆಗೆಯುವ ವಿಧಾನ ಇದು. ಅಂದರೆ ಅಲ್ಲಿ ಪ್ರವಾಸದ ಜತೆಗೆ ಕೃಷಿಯ ಪ್ರಯೋಗವೂ ನಡೆದಿದೆ.

2005ರಲ್ಲಿ ಪಾಂಡುರಂಗ ತಾವರೆ ಬಾರಾಮತಿ ಭಾಗದಲ್ಲಿ ಕೃಷಿ ಪ್ರವಾಸದ ಮಾದರಿ ಕೇಂದ್ರ ಆರಂಭಿಸಿ, ಬೇರೆ ರೈತರಿಗೂ ತರಬೇತಿ ಕೊಡಲು ಮುಂದಾದರು. ಮಳೆ ಕೈಕೊಟ್ಟಾಗ, ಬೆಲೆ ಕುಸಿದಾಗ ರೈತನಿಗೆ ಎರಡನೇ ಆದಾಯ ಇರಬೇಕು ಎಂಬುದು ಇದರ ಹಿಂದಿನ ವಿಚಾರ. 2020ರಲ್ಲಿ ಮಹಾರಾಷ್ಟ್ರ ಸರ್ಕಾರ ಕೃಷಿ ಪ್ರವಾಸೋದ್ಯಮ ನೀತಿಗೆ ಒಪ್ಪಿಗೆ ನೀಡಿತು. ಇದರ ಪ್ರಕಾರ ರೈತರು, ಕೃಷಿ ಸಹಕಾರ ಸಂಘಗಳು, ಕೃಷಿ ವಿಜ್ಞಾನ ಕೇಂದ್ರಗಳು, ಕೃಷಿ ಕಾಲೇಜುಗಳು ಪ್ರವಾಸೋದ್ಯಮ ನಿರ್ದೇಶನಾಲಯದಲ್ಲಿ ನೋಂದಾಯಿಸಿಕೊಂಡು ಕೇಂದ್ರ ನಡೆಸಬಹುದು. ನೋಂದಣಿ ಪ್ರಮಾಣಪತ್ರ ಇದ್ದರೆ ಬ್ಯಾಂಕ್ ಸಾಲ ಪಡೆಯಲು ಅನುಕೂಲ.

ಇಟಲಿಯಲ್ಲಿ 1985ರಲ್ಲೇ ಇದಕ್ಕೆ ಕಾನೂನು ಬಂದಿತ್ತು. ಅಲ್ಲಿ ಆತಿಥ್ಯ ಏನಿದ್ದರೂ ಉಪಕಸುಬು, ಬೇಸಾಯವೇ ಮುಖ್ಯ ಕಸುಬಾಗಿರಬೇಕು ಎಂಬುದು ನಿಯಮ. ಇಲ್ಲಿನ ಫಾರ್ಮ್‌ಗಳನ್ನು ಅಳೆಯಲೂ ಇದು ಒಳ್ಳೆಯ ಅಳತೆಗೋಲು.

ಹೆಸರು ಒಂದೇ, ಬಗೆ ಮೂರು

ಕರ್ಜತ್, ಮುರ್ಬಾಡ್ ರಸ್ತೆಗಳಲ್ಲಿ ಕಾಣುವ ಫಾರ್ಮ್‌ಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡಬಹುದು.

- ಬೇಸಾಯ ನಡೆಯುವ ಫಾರ್ಮ್: ಮಾಲೀಕರ ಮನೆಯವರು ಅಲ್ಲೇ ಇರುತ್ತಾರೆ. ಊಟ ಮನೆಯ ಅಡುಗೆ. ಕೋಣೆಗಳು ಕಡಿಮೆ, ಸೌಕರ್ಯ ಸರಳ. ಯಾವ ತಿಂಗಳು ಹೋದರೆ ಯಾವ ಬೆಳೆ ಇರುತ್ತದೆ ಎಂದು ಕೇಳಿದರೆ ತಟ್ಟನೆ ಉತ್ತರ ಬರುತ್ತದೆ.
- ಫಾರ್ಮ್ ಹೆಸರಿನ ರೆಸಾರ್ಟ್: ಈಜುಕೊಳ, ರೇನ್ ಡ್ಯಾನ್ಸ್, ಬಫೆ ಊಟ ಮುಖ್ಯ. ಒಂದಿಷ್ಟು ಮಾವಿನ ಮರ, ನಾಲ್ಕು ಮೇಕೆ, ಎರಡು ಬಾತುಕೋಳಿ ಅಲಂಕಾರಕ್ಕೆ.
- ಮದುವೆ ಲಾನ್: ದೊಡ್ಡ ಹುಲ್ಲುಹಾಸು, ಸ್ಟೇಜ್, ಅಡುಗೆ ಶೆಡ್, ಪಾರ್ಕಿಂಗ್. ಕೃಷಿ ಬಹುತೇಕ ಇಲ್ಲ.

ಮೂರರಲ್ಲಿ ಯಾವುದೂ ತಪ್ಪಲ್ಲ. ಈಜುಕೊಳ ಬೇಕಿದ್ದವರಿಗೆ ರೆಸಾರ್ಟೇ ಸರಿ. ಮಕ್ಕಳಿಗೆ ಹಾಲು ಕರೆಯುವುದನ್ನು ತೋರಿಸಬೇಕು ಎಂದುಕೊಂಡು ರೆಸಾರ್ಟಿಗೆ ಹೋದವರಿಗೆ, ಸಂಗೀತದ ಅಬ್ಬರ ಬೇಕೆಂದು ರೈತರ ಮನೆಗೆ ಹೋದವರಿಗೆ ಬೇಸರ ತಪ್ಪಿದ್ದಲ್ಲ.

ತಿಳಿದುಕೊಳ್ಳುವುದು ಕಷ್ಟವಲ್ಲ. ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಈಗ ಹೊಲದಲ್ಲಿ ಏನಿದೆ? ಕೆಲಸ ತೋರಿಸುವವರು ಯಾರು? ಪ್ರವಾಸೋದ್ಯಮ ನಿರ್ದೇಶನಾಲಯದ ನೋಂದಣಿ ಇದೆಯೇ? ಮೊದಲ ಪ್ರಶ್ನೆಗೆ ಈಜುಕೊಳದ ಅಳತೆ ಹೇಳತೊಡಗಿದರೆ ಅದು ಯಾವ ಬಗೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಯಾವ ತಿಂಗಳಲ್ಲಿ ಏನು ನೋಡಬಹುದು?

ಫಾರ್ಮ್ ಪ್ರವಾಸ ನಿಲ್ಲುವುದು ಋತುವಿನ ಮೇಲೆ. ಮೇ ಕೊನೆಯಲ್ಲಿ ಹೋಗಿ ಹಸಿರು ಗದ್ದೆ ಹುಡುಕಿದರೆ ಸಿಗುವುದು ಒಣ ನೆಲ ಮಾತ್ರ.

ಜೂನ್ ಕೊನೆ–ಜುಲೈ: ಭತ್ತದ ನಾಟಿ. ಕರಾವಳಿಯವರ ಮಾತಿನಲ್ಲಿ ನೇಜಿ ನೆಡುವ ಕಾಲ. ಪ್ರವಾಸಿಗರನ್ನು ಗದ್ದೆಗಿಳಿಸಿ ನಾಟಿ ಮಾಡಿಸುವ ಫಾರ್ಮ್‌ಗಳೂ ಇವೆ. ಬದಲಿ ಬಟ್ಟೆ ಕಡ್ಡಾಯ.

ಆಗಸ್ಟ್–ಸೆಪ್ಟೆಂಬರ್: ಇಡೀ ಕೊಂಕಣ ಹಸಿರು. ಮಳೆ ಬಿಡುವು ಕೊಟ್ಟ ದಿನ ನೋಡಲು ಇದಕ್ಕಿಂತ ಚೆಂದದ ಸಮಯ ಇಲ್ಲ. ಜನರೂ ಹೆಚ್ಚು.

ಅಕ್ಟೋಬರ್–ನವೆಂಬರ್: ಭತ್ತದ ಕೊಯ್ಲು, ಬಡಿಯುವುದು, ತೂರುವುದು. ಶಾಲಾ ಮಕ್ಕಳಿಗೆ ಅಕ್ಕಿ ಎಲ್ಲಿಂದ ಬರುತ್ತದೆ ಎಂದು ತೋರಿಸಲು ಹೇಳಿ ಮಾಡಿಸಿದ ಕಾಲ.

ಡಿಸೆಂಬರ್–ಫೆಬ್ರವರಿ: ರಾಯಗಡದ 'ಪೋಪಟಿ' ಸಮಯ. ಮಣ್ಣಿನ ಮಡಕೆಯಲ್ಲಿ ಭಾಂಬುರ್ಡ ಎಂಬ ಕಾಡು ಸೊಪ್ಪು ಹಾಸಿ, ಅವರೆಯ ಜಾತಿಯ ವಾಲ್ ಕಾಯಿ, ಆಲೂಗಡ್ಡೆ, ಬೇಕಿದ್ದವರಿಗೆ ಮೊಟ್ಟೆ, ಕೋಳಿ ತುಂಬಿ, ಮಡಕೆಯನ್ನು ಬೋರಲು ಹಾಕಿ ಸುತ್ತ ಬೆಂಕಿ ಒಟ್ಟಿ ಬೇಯಿಸುತ್ತಾರೆ. ಇದೇ ಕಾಲಕ್ಕೆ 'ಹುರ್ಡಾ ಪಾರ್ಟಿ' ಜಾಹೀರಾತುಗಳೂ ಬರುತ್ತವೆ. ಹುರ್ಡಾ ಎಂದರೆ ಉತ್ತರ ಕರ್ನಾಟಕದವರ ಸೀತನಿ, ಅಂದರೆ ಎಳೆ ಜೋಳದ ತೆನೆ ಸುಟ್ಟು ಉದುರಿಸಿದ ಕಾಳು. ಹಿಂಗಾರಿ ಜೋಳ ಘಟ್ಟದ ಮೇಲಿನ ಸೊಲ್ಲಾಪುರ, ಪುಣೆ, ಅಹಿಲ್ಯಾನಗರ ಕಡೆಯ ಬೆಳೆ. ಹಾಗಾಗಿ ಕೊಂಕಣದ ಫಾರ್ಮ್‌ನಲ್ಲಿ ಸಿಗುವ ಹುರ್ಡಾ ಹೆಚ್ಚಾಗಿ ಮೇಲಿನಿಂದ ತಂದದ್ದು. ಇಲ್ಲಿನ ಮಣ್ಣಿನ ರುಚಿ ಬೇಕಿದ್ದರೆ ಪೋಪಟಿಯನ್ನೇ ಕೇಳಿ.

ಮಾರ್ಚ್–ಮೇ: ಮಾವು, ಹಲಸು, ಕವಳೆ ಹಣ್ಣು, ನೇರಳೆ. ಬಿಸಿಲು ಜೋರು. ಬೆಳಗ್ಗೆ 11ರೊಳಗೆ ತೋಟ ಸುತ್ತಿ ಮುಗಿಸುವುದು ಜಾಣತನ.

ಎತ್ತಿನ ಗಾಡಿ ಸವಾರಿ ಇಷ್ಟಪಡುವವರು ಒಂದು ನಿಯಮ ತಿಳಿದಿರಲಿ. 1965ರ ಕೇಂದ್ರ ನಿಯಮಗಳ ಪ್ರಕಾರ ತಾಪಮಾನ 37 ಡಿಗ್ರಿ ಸೆಲ್ಸಿಯಸ್ ದಾಟುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಎತ್ತು ಹೂಡುವಂತಿಲ್ಲ. ಆ ಹೊತ್ತಲ್ಲಿ ಗಾಡಿ ಕಟ್ಟುವುದಿಲ್ಲ ಎನ್ನುವ ಫಾರ್ಮ್ ಒಳ್ಳೆಯ ಫಾರ್ಮ್.

ಐರೋಲಿಯಿಂದ ಹೋಗುವುದು ಹೇಗೆ?

ರೈಲೇ ಸುಲಭ. ಐರೋಲಿಯಿಂದ ಟ್ರಾನ್ಸ್ ಹಾರ್ಬರ್ ಲೋಕಲ್‌ನಲ್ಲಿ ದಿಘಾ ಗಾಂವ್ ದಾಟಿದರೆ ಥಾಣೆ. ಅಲ್ಲಿ ಕರ್ಜತ್ ಅಥವಾ ಖೋಪೋಲಿ ಲೋಕಲ್ ಹಿಡಿದರೆ ಡೊಂಬಿವಲಿ, ಕಲ್ಯಾಣ, ಅಂಬರನಾಥ, ಬದ್ಲಾಪುರ, ವಾಂಗಣಿ, ಶೇಲು ಮಾರ್ಗವಾಗಿ ನೇರಳ್, ಮುಂದೆ ಕರ್ಜತ್. ಅಂಬರನಾಥ ಮತ್ತು ಬದ್ಲಾಪುರ ಲೋಕಲ್‌ಗಳು ನೇರಳ್‌ವರೆಗೆ ಹೋಗುವುದಿಲ್ಲ, ಫಲಕ ನೋಡಿ ಹತ್ತಿ. ಶಹಾಪುರ ಕಡೆಯ ಫಾರ್ಮ್‌ಗಳಿಗೆ ಕಸಾರಾ ಲೋಕಲ್‌ನಲ್ಲಿ ಹೋಗಿ ಆಸನಗಾಂವ್‌ನಲ್ಲಿ ಇಳಿಯಬೇಕು. ಮುರ್ಬಾಡ್‌ಗೆ ಕಲ್ಯಾಣದಿಂದ ಮಾಳ್ಶೇಜ್ ಘಾಟ್ ಕಡೆಗಿನ ರಸ್ತೆ.

ಭಾನುವಾರ ಹೋಗುವವರು ಹಿಂದಿನ ದಿನವೇ ಮೆಗಾ ಬ್ಲಾಕ್ ವೇಳಾಪಟ್ಟಿ ನೋಡಿಕೊಳ್ಳಬೇಕು. ಟ್ರಾನ್ಸ್ ಹಾರ್ಬರ್ ಮಾರ್ಗದಲ್ಲಿ ಬ್ಲಾಕ್ ಇದ್ದರೆ ಥಾಣೆಗೆ ಬಸ್ ಅಥವಾ ರಿಕ್ಷಾ ಗತಿ. ನಿಲ್ದಾಣದಿಂದ ಫಾರ್ಮ್‌ಗೆ ಕರೆದೊಯ್ಯುವ ವಾಹನ ಇದೆಯೇ, ಅದರ ದುಡ್ಡು ಪ್ಯಾಕೇಜ್‌ನಲ್ಲಿ ಸೇರಿದೆಯೇ ಎಂಬುದನ್ನೂ ಕೇಳಿ.

ಅಷ್ಟು ದೂರ ಹೋಗಲಾಗದವರಿಗೆ ಐರೋಲಿಯಲ್ಲೇ ಅರ್ಧ ದಿನದ ದಾರಿ ಇದೆ. 2017ರಲ್ಲಿ ಆರಂಭವಾದ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಿಂದ ಥಾಣೆ ಖಾರಿಯಲ್ಲಿ ದೋಣಿ ವಿಹಾರ ನಡೆಯುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ಫ್ಲೆಮಿಂಗೊಗಳನ್ನು ನೋಡಬಹುದು. ಈ ಖಾರಿಗೆ 2022ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ದೋಣಿ ಹೊರಡುವ ಸಮಯ ಉಬ್ಬರ ಇಳಿತದ ಮೇಲೆ ಬದಲಾಗುವುದರಿಂದ ಮುಂಚೆ ವಿಚಾರಿಸಿ ಹೋಗಬೇಕು.

ಮೆಚ್ಚುಗೆ ಎಲ್ಲಿ, ಬೇಸರ ಎಲ್ಲಿ?

ದಿನದ ಪ್ರವಾಸದಲ್ಲಿ ಜನ ನೆನಪಿಟ್ಟುಕೊಳ್ಳುವುದು ದೊಡ್ಡ ಸೌಕರ್ಯಗಳನ್ನಲ್ಲ. ಸೌದೆ ಒಲೆಯ ಮೇಲಿನ ಅಕ್ಕಿ ಭಾಕ್ರಿ, ಪಿಠಲೆ, ಠೇಚಾ. ಮಕ್ಕಳು ಕರುವಿಗೆ ಹುಲ್ಲು ತಿನ್ನಿಸಿದ್ದು. ಮನೆಯ ಅಜ್ಜಿ ಬಡಿಸುತ್ತ ಮಾತಾಡಿದ್ದು. ಊಟ ಮತ್ತು ಮನುಷ್ಯರು ಚೆನ್ನಾಗಿದ್ದರೆ ಕೋಣೆಯ ಕೊರತೆಯನ್ನು ಜನ ಕ್ಷಮಿಸುತ್ತಾರೆ.

ದೂರುಗಳೂ ಬಹುತೇಕ ಒಂದೇ ಬಗೆಯವು. ಮೊದಲನೆಯದು ಶೌಚಾಲಯ. ಇಪ್ಪತ್ತು ಜನರಿಗೆ ಸಾಕಾಗುವ ವ್ಯವಸ್ಥೆಯಲ್ಲಿ ರಜಾದಿನ ನೂರು ಜನರನ್ನು ಸೇರಿಸಿಕೊಂಡಾಗ ಹೆಂಗಸರು, ಮಕ್ಕಳು, ವಯಸ್ಸಾದವರು ಪಡುವ ಪಾಡು ಹೇಳತೀರದು. ಎರಡನೆಯದು ಗದ್ದಲ. ಶಾಂತಿ ಹುಡುಕಿ ಹೋದವರ ಪಕ್ಕದಲ್ಲೇ ಆಫೀಸ್ ತಂಡದ ಡಿಜೆ. ಮೂರನೆಯದು ಪ್ಯಾಕೇಜ್ ಆಚೆಯ ಖರ್ಚು. ಗಾಡಿ ಸವಾರಿಗೆ ಬೇರೆ, ದೋಣಿಗೆ ಬೇರೆ, ಸಂಜೆಯ ಚಹಾಕ್ಕೂ ಬೇರೆ.

ಈ ಮೂರಕ್ಕೂ ಮದ್ದು ಮುಂಚಿತವಾಗಿ ಕೇಳುವುದೇ. ಆ ದಿನ ಒಟ್ಟು ಎಷ್ಟು ಜನ ಬರುತ್ತಿದ್ದಾರೆ, ಬೇರೆ ಸಮಾರಂಭ ಇದೆಯೇ, ತಲೆಗೆ ಹೇಳಿದ ದರದಲ್ಲಿ ಏನೇನು ಸೇರಿದೆ, ಎಷ್ಟು ವರ್ಷದ ಮಕ್ಕಳಿಗೆ ಅರ್ಧ ದರ ಎಂಬುದನ್ನು ವಾಟ್ಸ್ಆ್ಯಪ್‌ನಲ್ಲಿ ಬರಹದಲ್ಲೇ ಪಡೆಯಿರಿ. ಸಾಧ್ಯವಾದರೆ ವಾರದ ನಡುವೆ ಹೋಗಿ. ಅದೇ ಜಾಗ ಬೇರೆಯದೇ ಆಗಿ ಕಾಣುತ್ತದೆ.

ತೋಟದ ಮದುವೆ: ಆಸೆಗಿಂತ ಮೊದಲು ಲೆಕ್ಕ

ಕುರ್ಲಾದ ಬಂಟರ ಭವನದಂಥ ಸಭಾಗೃಹಗಳಿಗೆ ಒಗ್ಗಿದ ಮುಂಬೈ ಕನ್ನಡಿಗರಿಗೆ ತೋಟದ ಮದುವೆ ಹೊಸ ಅನುಭವ. ಹಾಲ್‌ನಲ್ಲಿ ಛಾವಣಿ, ನೀರು, ವಿದ್ಯುತ್, ಅಡುಗೆಮನೆ, ಹತ್ತಿರದ ರೈಲು ನಿಲ್ದಾಣ ಎಲ್ಲವೂ ಇದ್ದೇ ಇರುತ್ತವೆ. ತೋಟದಲ್ಲಿ ಇವೆಲ್ಲವನ್ನೂ ಒಂದೊಂದಾಗಿ ಹೊಂದಿಸಬೇಕು.

ದಿನಾಂಕ: ಪಂಚಾಂಗ ಮತ್ತು ಹವಾಮಾನ ಇಲ್ಲಿ ಒಂದೇ ದಾರಿಯಲ್ಲಿವೆ. ಆಷಾಢದಲ್ಲಿ, ತುಳುನಾಡಿನವರಿಗೆ ಆಟಿಯಲ್ಲಿ, ಮದುವೆ ಮಾಡುವುದಿಲ್ಲ. ಮಹಾರಾಷ್ಟ್ರದಲ್ಲೂ ಚಾತುರ್ಮಾಸ ಮುಗಿದು ತುಳಸಿ ಮದುವೆ ಆದ ಮೇಲೆಯೇ ಮುಹೂರ್ತಗಳು ಶುರು. ತೆರೆದ ಬಯಲಿನ ಮದುವೆಗೆ ನವೆಂಬರ್ ಕೊನೆಯಿಂದ ಫೆಬ್ರವರಿವರೆಗಿನ ಅವಧಿ ಸೂಕ್ತ. ಏಪ್ರಿಲ್, ಮೇ ಮುಹೂರ್ತವಾದರೆ ನೆರಳು, ಫ್ಯಾನ್, ಕುಡಿಯುವ ನೀರು ಎರಡು ಪಟ್ಟು ಬೇಕು. ಮೇ ಕೊನೆಯ ವಾರವಾದರೆ ಮಳೆಗೆ ಬದಲಿ ವ್ಯವಸ್ಥೆ ಇರಲೇಬೇಕು.

ಮುಹೂರ್ತದ ಹೊತ್ತು: ಧಾರೆ ಬೆಳಗ್ಗೆ 11ಕ್ಕೆ ಎಂದರೆ ಐರೋಲಿಯ ಬಂಧುಗಳು 7ಕ್ಕೇ ಮನೆ ಬಿಡಬೇಕಾಗಬಹುದು. ಮುಂಬೈನ ಪಶ್ಚಿಮ ಉಪನಗರಗಳಿಂದ ಬರುವವರು ಅದಕ್ಕಿಂತ ಮೊದಲು. ಐರೋಲಿ ಅಥವಾ ಥಾಣೆ ನಿಲ್ದಾಣದಿಂದ ಬಸ್ ಇಟ್ಟರೆ ಮಾತ್ರ ವಯಸ್ಸಾದವರು ಬರುತ್ತಾರೆ. ಬಾಡಿಗೆ ಬಸ್ಸಿನ ಖರ್ಚನ್ನು ಲಾನ್ ಬಾಡಿಗೆಯ ಜತೆಗೇ ಲೆಕ್ಕ ಹಾಕಬೇಕು. ಇಲ್ಲದಿದ್ದರೆ ತೋಟ ಅಗ್ಗ ಎಂಬುದು ಭ್ರಮೆ.

ಮೆಹಂದಿ ರಾತ್ರಿ: ಕರಾವಳಿಯವರ ಮದುವೆಗಳಲ್ಲಿ ಮೆಹಂದಿ ರಾತ್ರಿಗೆ ಧಾರೆಯಷ್ಟೇ ಸಂಭ್ರಮ. ಹಾಡು ಕುಣಿತ ತಡರಾತ್ರಿವರೆಗೆ ಇರಬೇಕು ಎಂದೇ ಕೆಲವರು ದೂರದ ಫಾರ್ಮ್ ಹುಡುಕುತ್ತಾರೆ. ಆದರೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹಳ್ಳಿಗೂ ಅನ್ವಯ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮಧ್ಯರಾತ್ರಿವರೆಗಿನ ವಿನಾಯಿತಿ ಇರುವುದು ರಾಜ್ಯ ಸರ್ಕಾರ ಘೋಷಿಸುವ, ವರ್ಷಕ್ಕೆ 15 ದಿನ ಮೀರದ ಹಬ್ಬ ಮತ್ತು ಸಾಂಸ್ಕೃತಿಕ ಸಂದರ್ಭಗಳಿಗೆ. 'ಇಲ್ಲಿ ಯಾರೂ ಕೇಳುವುದಿಲ್ಲ' ಎಂಬ ಮಾತು ನಂಬಿದರೆ ಪೊಲೀಸರು ಬಂದಾಗ ನಿಲ್ಲುವುದು ನಿಮ್ಮ ಮನೆಯ ಕಾರ್ಯಕ್ರಮ. ಪಕ್ಕದ ವಾಡಿಯಲ್ಲೂ ಬೆಳಗ್ಗೆ ಎದ್ದು ಹೊಲಕ್ಕೆ ಹೋಗುವ ಜನ ಮಲಗಿರುತ್ತಾರೆ.

ಅಡುಗೆ: ಹೊರಗಿನ ಅಡುಗೆಯವರನ್ನು ಕರೆತರಲು ಬಿಡುತ್ತಾರೆಯೇ, ಅದಕ್ಕೆ ಪ್ರತ್ಯೇಕ ಶುಲ್ಕ ಇದೆಯೇ, ಮಾಂಸಾಹಾರಕ್ಕೆ ಅವಕಾಶ ಇದೆಯೇ ಎಂಬುದು ಮೊದಲ ಪ್ರಶ್ನೆಗಳಾಗಲಿ. ಬಾಳೆ ಎಲೆ ಊಟ ಬಡಿಸಿ ಗೊತ್ತಿಲ್ಲದ ಕೇಟರಿಂಗ್‌ನವರ ಬಳಿ ಎಲೆ ಊಟ ಮಾಡಿಸಿದರೆ ಪಂಕ್ತಿ ಅರ್ಧ ಗಂಟೆ ತಡ. ಮಹಾರಾಷ್ಟ್ರದಲ್ಲಿ 2018ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್, ಥರ್ಮೊಕೋಲ್ ತಟ್ಟೆಗಳಿಗೆ ನಿಷೇಧ ಇದೆ. ಬಾಳೆ ಎಲೆಗೆ ಆ ತೊಂದರೆ ಇಲ್ಲ. ಎಲೆ ಫಾರ್ಮ್‌ನಲ್ಲೇ ಸಿಕ್ಕರೆ ಇನ್ನೂ ಒಳ್ಳೆಯದು, ಎಂಜಲು ಎಲೆಗಳು ಅಲ್ಲೇ ಗೊಬ್ಬರವಾಗುತ್ತವೆ.

ತಟ್ಟೆಯ ಲೆಕ್ಕ: ಹಲವು ಕಡೆ 'ಕನಿಷ್ಠ ಇಷ್ಟು ತಟ್ಟೆ' ಎಂಬ ಷರತ್ತು ಇರುತ್ತದೆ. ಲೆಕ್ಕಕ್ಕೆ ತಟ್ಟೆಗೆ 700 ರೂಪಾಯಿ ಎಂದು ಇಟ್ಟುಕೊಳ್ಳಿ. 300 ತಟ್ಟೆ ಒಪ್ಪಿಕೊಂಡು, ದೂರದ ಕಾರಣಕ್ಕೆ 220 ಮಂದಿ ಮಾತ್ರ ಬಂದರೆ ಉಣ್ಣದ 80 ತಟ್ಟೆಗೆ 56,000 ರೂಪಾಯಿ ಕೊಡಬೇಕು. ಊರಾಚೆಯ ಮದುವೆಗೆ ಕರೆದವರೆಲ್ಲ ಬರುವುದಿಲ್ಲ ಎಂಬ ಅಂದಾಜು ಇಟ್ಟುಕೊಂಡೇ ಸಂಖ್ಯೆ ಒಪ್ಪಿಕೊಳ್ಳಿ.

ವಿದ್ಯುತ್, ನೀರು, ದಾರಿ: ಜನರೇಟರ್ ಇದೆಯೇ, ಡೀಸೆಲ್ ಯಾರದ್ದು? ಬಾವಿ ನೀರೋ, ಟ್ಯಾಂಕರೋ? ಬಸ್ ಒಳಗೆ ತಿರುಗುತ್ತದೆಯೇ ಅಥವಾ ಮುಖ್ಯ ರಸ್ತೆಯಲ್ಲೇ ನಿಲ್ಲುತ್ತದೆಯೇ? ಗಾಲಿಕುರ್ಚಿ ಹುಲ್ಲಿನ ಮೇಲೆ ಹೋಗುತ್ತದೆಯೇ? ಇವನ್ನು ಫೋಟೊ ನೋಡಿ ತಿಳಿಯಲಾಗದು. ಒಮ್ಮೆ ಹಗಲು, ಒಮ್ಮೆ ರಾತ್ರಿ ಹೋಗಿ ನೋಡಬೇಕು.

ಪರವಾನಗಿಗಳು: ಧ್ವನಿವರ್ಧಕಕ್ಕೆ ಸ್ಥಳೀಯ ಪೊಲೀಸರ ಅನುಮತಿ ಬೇಕು. ಮದ್ಯ ಪೂರೈಸುವುದಾದರೆ ರಾಜ್ಯ ಅಬಕಾರಿ ಇಲಾಖೆಯ ಒಂದು ದಿನದ ಪರವಾನಗಿ ಬೇಕು. ಮದುವೆಯಲ್ಲಿ ಹಾಡು ಹಾಕಲು ರಾಯಧನ ಕಟ್ಟಬೇಕು ಎಂದು ಯಾರಾದರೂ ಕೇಳಿದರೆ ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 52 ನೆನಪಿರಲಿ. ಮದುವೆ ಮತ್ತು ಅದಕ್ಕೆ ಸಂಬಂಧಿಸಿದ ಸಮಾರಂಭಗಳಿಗೆ ಅಲ್ಲಿ ವಿನಾಯಿತಿ ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರವೂ ಇದನ್ನು ಸ್ಪಷ್ಟಪಡಿಸಿದೆ.

ನೋಂದಣಿ: ಮದುವೆ ತೋಟದಲ್ಲಾದರೂ ನೋಂದಣಿ ತಪ್ಪದು. ಮಹಾರಾಷ್ಟ್ರದ 1998ರ ಕಾಯ್ದೆ ಪ್ರಕಾರ ಮದುವೆಯಾದ 90 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಆಮಂತ್ರಣ ಪತ್ರಿಕೆಯಲ್ಲಿ ಫಾರ್ಮ್‌ನ ಹೆಸರಿನ ಜತೆಗೆ ಗ್ರಾಮ, ತಾಲೂಕು, ಜಿಲ್ಲೆ ಸರಿಯಾಗಿ ಮುದ್ರಿಸಿರಲಿ.

ಚಿಕ್ಕ ಮದುವೆಗೆ ತೋಟವೇ ಚೆಂದ

ತೋಟ ನಿಜವಾಗಿ ಹೊಂದುವುದು ಐವತ್ತು, ನೂರು ಜನರ ಮದುವೆಗೆ. ಕನ್ನಡಿಗರಿಗೆ ಇದರ ಮಾದರಿ ಹೊಸದಲ್ಲ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯ ಪದ್ಧತಿಯಲ್ಲಿ 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆ ನಡೆಯಿತು. ಆಡಂಬರ, ವರದಕ್ಷಿಣೆ ಇಲ್ಲದ ಆ ಪದ್ಧತಿ ಇಂದಿಗೂ ಕರ್ನಾಟಕದಲ್ಲಿ ನಡೆಯುತ್ತಿದೆ. ಹತ್ತಿರದವರನ್ನಷ್ಟೇ ಕರೆದು ತೋಟದಲ್ಲಿ ಧಾರೆ, ನಂತರ ನಗರದ ಹಾಲ್‌ನಲ್ಲಿ ಆರತಕ್ಷತೆ ಎಂದು ಎರಡಾಗಿ ಮಾಡಿದರೆ ಬಂಧುಗಳ ಪ್ರಯಾಣವೂ ಉಳಿಯುತ್ತದೆ, ಸಂಭ್ರಮವೂ ಉಳಿಯುತ್ತದೆ. ಬೇಸಾಯ ನಡೆಯುವ ಫಾರ್ಮ್‌ಗೂ ಇದೇ ಅನುಕೂಲ. ಐನೂರು ಜನರ ಪಾರ್ಕಿಂಗ್‌ಗಾಗಿ ಗದ್ದೆ ಮುಚ್ಚಿದರೆ ಮುಂದಿನ ವರ್ಷ ತೋರಿಸಲು ಗದ್ದೆಯೇ ಇರುವುದಿಲ್ಲ.

ಮುಂಗಡ ಕೊಡುವ ಮುನ್ನ ಬರಹದಲ್ಲಿ ಇರಬೇಕಾದವು

- ದಿನಾಂಕ, ಜಾಗ ಬಿಟ್ಟುಕೊಡುವ ಮತ್ತು ಖಾಲಿ ಮಾಡುವ ಗಂಟೆ
- ಒಟ್ಟು ಮೊತ್ತ, ಜಿಎಸ್‌ಟಿ ಸೇರಿದೆಯೋ ಇಲ್ಲವೋ
- ಕೋಣೆಗಳ ಸಂಖ್ಯೆ, ಶೌಚಾಲಯಗಳ ಸಂಖ್ಯೆ
- ಅಂದೇ ಬೇರೆ ಸಮಾರಂಭಕ್ಕೆ ಜಾಗ ಕೊಡುವುದಿಲ್ಲ ಎಂಬ ಭರವಸೆ
- ನೀವು ರದ್ದು ಮಾಡಿದರೆ ಎಷ್ಟು ವಾಪಸ್, ಅವರು ರದ್ದು ಮಾಡಿದರೆ ಏನು ಪರಿಹಾರ
- ಮಳೆ ಬಂದರೆ, ರಸ್ತೆ ಬಂದ್ ಆದರೆ ಬೇರೆ ದಿನಾಂಕ ಕೊಡುತ್ತಾರೆಯೇ
- ಅಡುಗೆ ನಡೆಸುವವರ ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿ ಸಂಖ್ಯೆ

ಹಣವನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಟ್ಟು ರಸೀದಿ ಪಡೆಯಿರಿ. ಜಮೀನು ಒಬ್ಬರದ್ದು, ಬುಕಿಂಗ್ ಮಾಡುವವರು ಇನ್ನೊಬ್ಬರು ಇರುವುದುಂಟು. ಒಪ್ಪಂದ ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೇ ಹಣ ಹೋಗಬೇಕು. ಕೃಷಿ ಜಮೀನಿನಲ್ಲಿ ವಾಣಿಜ್ಯ ಸಮಾರಂಭ ನಡೆಸಲು ಅನುಮತಿ ಇದೆಯೇ ಎಂದೂ ಕೇಳಿ. ತಕರಾರು ಇರುವ ಜಾಗವಾದರೆ ಮದುವೆಗೆ ವಾರ ಇರುವಾಗ ನೋಟಿಸ್ ಬರುವ ಅಪಾಯ ಇದೆ.

ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ದಾಖಲಿಸಲು ಅವಕಾಶ ಇದೆ. ಐರೋಲಿ ಇರುವುದು ಥಾಣೆ ಜಿಲ್ಲೆಯಲ್ಲಿ. ಆದ್ದರಿಂದ ರಾಯಗಡ ಜಿಲ್ಲೆಯ ಫಾರ್ಮ್ ವಿರುದ್ಧದ ದೂರಿಗಾಗಿ ಅಲಿಬಾಗ್‌ಗೆ ಓಡಬೇಕಿಲ್ಲ. ದೂರಿಗೆ ಎರಡು ವರ್ಷಗಳ ಕಾಲಮಿತಿ ಇದೆ.

ಮಳೆಗಾಲದಲ್ಲಿ ಮರೆಯಬಾರದ ಎಚ್ಚರಿಕೆ

ನೇರಳ್ ದಾರಿಯಲ್ಲಿ ಉಲ್ಹಾಸ್ ನದಿ ಉಕ್ಕಿದರೆ ರೈಲು ನಿಲ್ಲುತ್ತದೆ. ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ 2019ರ ಜುಲೈ 27ರಂದು ಬದ್ಲಾಪುರ ಮತ್ತು ವಾಂಗಣಿ ನಡುವೆ ನೆರೆಯಲ್ಲಿ ಸಿಲುಕಿತ್ತು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಪಾರುಮಾಡಬೇಕಾಯಿತು. ಹವಾಮಾನ ಇಲಾಖೆ ರೆಡ್ ಅಥವಾ ಆರೆಂಜ್ ಅಲರ್ಟ್ ಕೊಟ್ಟ ದಿನ ಪ್ರವಾಸ ಮುಂದೂಡುವುದೇ ಸರಿ.

ಫಾರ್ಮ್ ಪಕ್ಕದ ಹೊಳೆ, ಜಲಪಾತಗಳಿಗೆ ಮಕ್ಕಳನ್ನು ಬಿಡಬೇಡಿ. 2024ರ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟೆ ಬಳಿ ಏಕಾಏಕಿ ಏರಿದ ನೀರಿನಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋಗಿದ್ದರು. ಕೆಳಗೆ ಮಳೆ ಇಲ್ಲದಿದ್ದರೂ ಬೆಟ್ಟದ ಮೇಲೆ ಸುರಿದ ನೀರು ನಿಮಿಷಗಳಲ್ಲಿ ಬರುತ್ತದೆ. ಮಳೆಗಾಲದಲ್ಲಿ ಜಿಲ್ಲಾಡಳಿತ ಇಂಥ ಜಾಗಗಳಿಗೆ ನಿರ್ಬಂಧ ಹೇರುವುದುಂಟು, ಹೊರಡುವ ಮೊದಲು ವಿಚಾರಿಸಿ.

ಕಾಲಿನಲ್ಲಿ ಗಾಯ ಇದ್ದರೆ ನಾಟಿ ಗದ್ದೆಗೆ ಇಳಿಯಬೇಡಿ, ಇಲಿಜ್ವರ ತಗಲುವ ಸಾಧ್ಯತೆ ಇದೆ. ಗದ್ದೆಗಿಳಿದ ಕೆಲವು ದಿನಗಳಲ್ಲಿ ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ಈ ಸಂಗತಿ ತಪ್ಪದೆ ಹೇಳಿ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಬೇಡ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು, 108 ಆಂಬುಲೆನ್ಸ್ ಕರೆದು ಆಸ್ಪತ್ರೆಗೆ ಸಾಗಿಸಿ. ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು, ಎಷ್ಟು ದೂರ ಎಂಬುದನ್ನು ಫಾರ್ಮ್ ತಲುಪಿದ ಕೂಡಲೇ ಕೇಳಿಟ್ಟುಕೊಳ್ಳಿ. ದಿನದ ಪ್ರವಾಸಕ್ಕೂ ಮದುವೆಗೂ ಇದು ಅನ್ವಯ.